ಕಡಲು ಬರೆದಿಟ್ಟ ಕರಿಕಲ್ಲಿನ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಬಾವಿ ತೋಡಿಸಿದವರಿಗೆ ನೆಲದ ಒಳಗು ಬಾಯಿಪಾಠ. ಮೇಲೆ ಎರೆಮಣ್ಣು, ಅದರಡಿ ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಗರಸು, ಇನ್ನೂ ಕೆಳಗೆ ಗುದ್ದಲಿ-ಹಾರೆಗೆ ಜಗ್ಗದೆ ಮದ್ದಿಗೆ ಮಾತ್ರ ಬಿರಿಯುವ ಕರಿಕಲ್ಲು. ಕೆಲವೆಡೆ ಕರಿಕಲ್ಲಿನ ಒಂದು ಹಾಸು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಇಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿಯೂ ಕಾಣುತ್ತದೆ. ಈ ಕಲ್ಲನ್ನೇ ಒಡೆದು ರಸ್ತೆಗೆ ಖಡಿ ಹಾಕುತ್ತಾರೆ. ಇದನ್ನೇ ಕೆತ್ತಿ ಕೃಷ್ಣಾ ತೀರದ ಖಿದ್ರಾಪುರದಲ್ಲಿ ಕೋಪೇಶ್ವರನ ಗುಡಿ ಕಟ್ಟಿದರು. ಇದೇ ಕಲ್ಲು ಶಿಥಿಲವಾಗಿ ಆದ ಮಣ್ಣಿನಲ್ಲಿ ಕಬ್ಬು, ತಂಬಾಕು, ಬಿಳಿಜೋಳ ಬೆಳೆಯುತ್ತವೆ. ಇಷ್ಟು ಪರಿಚಯದ ಈ ಕಲ್ಲಿನ ಮೇಲೆ ಕಳೆದ ನಾಲ್ಕು ದಶಕಗಳಿಂದ ವಿಜ್ಞಾನಲೋಕದಲ್ಲಿ ಒಂದು ದೊಡ್ಡ ಮೊಕದ್ದಮೆ ನಡೆದಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳನ್ನೂ ಆಗಿನ ಜೀವಿ ಪ್ರಭೇದಗಳ ನಾಲ್ಕರಲ್ಲಿ ಮೂರು ಪಾಲನ್ನೂ ಅಳಿಸಿಹಾಕಿದ್ದು ಇದೇ ಕಲ್ಲು ಹುಟ್ಟಿದಾಗಿನ ಬೆಂಕಿ ಎಂಬುದು ಆರೋಪ. ವಿಚಿತ್ರವೆಂದರೆ, ಈ ಮೊಕದ್ದಮೆಯ ಮುಖ್ಯ ಸಾಕ್ಷಿ ನಮ್ಮ ನೆಲದಲ್ಲಿ ಸಿಕ್ಕಿದ್ದಲ್ಲ. ಸಾವಿರಾರು ಮೈಲಿ ದೂರದ ಕಡಲ ತಳದ ಕೆಸರಿನಲ್ಲಿ ಸಿಕ್ಕಿದ್ದು. ಆ ಸಾಕ್ಷಿಯನ್ನು ಪೂರ್ತಿ ಓದಿದರೆ ಆರೋಪದ ಬಹುಭಾಗ ಬಿದ್ದುಹೋಗುತ್ತದೆ, ಅದರ ಜಾಗದಲ್ಲಿ ಇನ್ನೂ ದೊಡ್ಡದೊಂದು ಕತೆ ಎದ್ದು ನಿಲ್ಲುತ್ತದೆ ಎಂಬುದು ಈ ಲೇಖನದ ವಾದ.

ಈ ಸೀಮೆಯ ಶಿಲೆಗಳನ್ನು ಮೊದಲು ಕ್ರಮಬದ್ಧವಾಗಿ ದಾಖಲಿಸಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖ. ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಕೊಡಲಿ ಹುಡುಕಿ ಹೆಸರಾದ ಈ ಭೂವಿಜ್ಞಾನಿ, ಬೆಳಗಾವಿ-ಧಾರವಾಡ-ಕಲಾದಗಿ ಸೀಮೆಯ ಶಿಲಾರಚನೆಯ ಬಗ್ಗೆ ಬರೆದ ಸುದೀರ್ಘ ವರದಿಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1876ರಲ್ಲಿ ಪ್ರಕಟಿಸಿತು. ಕರಿಕಲ್ಲಿನ ಸಾಮ್ರಾಜ್ಯದ ದಕ್ಷಿಣದ ಗಡಿ ಇಲ್ಲೇ ಇದೆ. ಘಟಪ್ರಭೆ ಗೋಕಾಕದಲ್ಲಿ ಧುಮುಕುವುದು ಕಲಾದಗಿ ಸಮೂಹದ ಪುರಾತನ ಮರಳುಗಲ್ಲಿನ ಮೇಲಿಂದ. ಅಲ್ಲಿಂದ ಉತ್ತರಕ್ಕೆ ಹೊರಟರೆ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದವರೆಗೂ ಕರಿಕಲ್ಲಿನದೇ ದರ್ಬಾರು. ಇಂದು ಉಳಿದಿರುವ ಹರವೇ ಸುಮಾರು 5 ಲಕ್ಷ ಚದರ ಕಿಲೋಮೀಟರು. ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಸ್ವೀಡಿಷ್ ಭಾಷೆಯ ಮೆಟ್ಟಿಲೆಂಬ ಪದದಿಂದಲೇ ಇದಕ್ಕೆ ‘ದಖ್ಖನ್ ಟ್ರ್ಯಾಪ್’ ಎಂದು ಹೆಸರಾಯಿತು. ಮಹಾಬಳೇಶ್ವರದ ಸುತ್ತ ಸಾವಿರಾರು ಅಡಿ ದಪ್ಪವಿರುವ ಈ ಹಾಸು ನಮ್ಮ ಕಡೆಗೆ ಬರಬರುತ್ತ ತೆಳುವಾಗುತ್ತದೆ. ರಾಸಾಯನಿಕ ಗುಣ ನೋಡಿ ಪದರುಗಳನ್ನು ವಿಂಗಡಿಸಿದ ಭೂವಿಜ್ಞಾನಿಗಳು ಒಂದೊಂದಕ್ಕೂ ಊರಿನ ಹೆಸರು ಕೊಟ್ಟಿದ್ದಾರೆ. ಅವುಗಳಲ್ಲಿ ಕೊನೆಯ, ಅಂದರೆ ಎಲ್ಲಕ್ಕಿಂತ ಮೇಲಿನ ಪದರುಗಳ ಹೆಸರು ಮಹಾಬಳೇಶ್ವರ, ಪನ್ಹಾಳ, ದೇಸೂರು. ಪನ್ಹಾಳ ಕೊಲ್ಲಾಪುರದ ಪಕ್ಕದ ಕೋಟೆ. ದೇಸೂರು ಬೆಳಗಾವಿಯ ಹತ್ತಿರದ ಹಳ್ಳಿ. ನಿಪ್ಪಾಣಿ ಇವೆರಡರ ನಡುವೆ ಕೂತಿದೆ. ಈ ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೊಕದ್ದಮೆಯ ಒಂದು ತಿರುವಿನಲ್ಲಿ ಇವು ಮತ್ತೆ ಬರುತ್ತವೆ.

ಕರಿಕಲ್ಲು ಹುಟ್ಟಿದಾಗ ಭಾರತ ಈಗಿರುವ ಜಾಗದಲ್ಲಿರಲಿಲ್ಲ. 1950ರ ದಶಕದಲ್ಲಿ ದಖ್ಖನದ ಶಿಲೆಗಳಲ್ಲಿ ಉಳಿದಿದ್ದ ಕಾಂತತ್ವವನ್ನು ಅಳೆದಾಗ, ಅವು ಹೆಪ್ಪುಗಟ್ಟಿದ್ದು ಭೂಮಧ್ಯರೇಖೆಯ ದಕ್ಷಿಣಕ್ಕೆ ಎಂಬುದು ಗೊತ್ತಾಯಿತು. ಈಗ ರೀಯೂನಿಯನ್ ದ್ವೀಪವಿರುವ ಆಸುಪಾಸಿನಲ್ಲಿ ಭಾರತದ ತಟ್ಟೆ ಉತ್ತರಕ್ಕೆ ಸಾಗುತ್ತಿದ್ದಾಗ ನೆಲ ಸೀಳು ಸೀಳಾಗಿ ಬಿರಿಯಿತು. ಜ್ವಾಲಾಮುಖಿ ಎಂದೊಡನೆ ಕಣ್ಣಮುಂದೆ ಬರುವ ಶಂಖಾಕಾರದ ಬೆಟ್ಟದಿಂದ ಇದು ಚಿಮ್ಮಿದ್ದಲ್ಲ. ಮೈಲಿಗಟ್ಟಲೆ ಉದ್ದದ ಬಿರುಕುಗಳಿಂದ ಲಾವಾ ಉಕ್ಕಿ, ತಗ್ಗು ತುಂಬಿ, ದಿಬ್ಬ ಮುಚ್ಚಿ, ಒಂದು ಪ್ರವಾಹದ ಮೇಲೆ ಇನ್ನೊಂದು ಹರಿಯಿತು. ಎರಡು ಪ್ರವಾಹಗಳ ನಡುವೆ ಬಿಡುವೂ ಇತ್ತು. ಆ ಬಿಡುವಿನಲ್ಲಿ ಮೇಲ್ಮೈ ಮಳೆಗೆ ಮೆತ್ತಗಾಗಿ ಮಣ್ಣಾಯಿತು. ಮುಂದಿನ ಲಾವಾ ಅದನ್ನು ಸುಟ್ಟು ಮುಚ್ಚಿತು. ಬಾವಿಯ ಗೋಡೆಯಲ್ಲಿ ಕಾಣುವ ಕೆಂಪು ಪಟ್ಟಿ ಅಂಥ ಬಿಡುವಿನ ಗುರುತು. ಹೀಗೆ ಹತ್ತು ಲಕ್ಷ ಘನ ಕಿಲೋಮೀಟರಿಗೂ ಮಿಕ್ಕಿ ಲಾವಾ ಹೊರಬಂತೆಂದು ಅಂದಾಜು. ಲಾವಾದ ಜತೆಗೆ ಗಂಧಕದ ಅನಿಲ ಬಂತು, ಇಂಗಾಲದ ಡೈಆಕ್ಸೈಡ್ ಬಂತು. ಗಂಧಕ ಕೆಲವೇ ವರ್ಷ ಆಕಾಶವನ್ನು ಮಬ್ಬುಗೊಳಿಸಿ ನೆಲವನ್ನು ತಣಿಸುತ್ತದೆ. ಇಂಗಾಲ ಸಾವಿರಾರು ವರ್ಷ ಉಳಿದು ಕಾವೇರಿಸುತ್ತದೆ. ಲಾವಾ ಕಲ್ಲಾಗಿ ನಮ್ಮ ಕಾಲಡಿ ಉಳಿಯಿತು. ಅನಿಲ ಮಾತ್ರ ಗಾಳಿಯಲ್ಲಿ ಸೇರಿ ಕಣ್ಮರೆಯಾಯಿತು. ಅಪರಾಧದ ಆಯುಧ ಅನಿಲವೇ ಆದ್ದರಿಂದ, ಕಲ್ಲನ್ನು ಎಷ್ಟು ಕುಟ್ಟಿ ನೋಡಿದರೂ ಆರೋಪ ಸಾಬೀತಾಗುವಂತಿರಲಿಲ್ಲ.

ಆರೋಪ ಹುಟ್ಟಿದ್ದೂ ಒಂದು ಪೈಪೋಟಿಯಲ್ಲಿಯೇ. 1980ರಲ್ಲಿ ಲೂಯಿಸ್ ಮತ್ತು ವಾಲ್ಟರ್ ಅಲ್ವಾರೆಜ್ ಎಂಬ ತಂದೆ-ಮಗ, ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮಿಶೆಲ್ ಜತೆಗೂಡಿ, ಇಟಲಿಯ ಗುಬ್ಬಿಯೊ ಊರಿನ ಸುಣ್ಣಕಲ್ಲಿನ ನಡುವಿನ ತೆಳುವಾದ ಜೇಡಿಯಲ್ಲಿ ಇರಿಡಿಯಂ ಎಂಬ ಲೋಹ ಸುಮಾರು 30 ಪಟ್ಟು ಏರಿರುವುದನ್ನು ತೋರಿಸಿದರು. ಭೂಮಿಯ ಮೇಲ್ಪದರಿನಲ್ಲಿ ತೀರ ವಿರಳವಾದ ಈ ಲೋಹ ಉಲ್ಕೆಗಳಲ್ಲಿ ಧಾರಾಳ. ದೊಡ್ಡದೊಂದು ಆಕಾಶಕಾಯ ಅಪ್ಪಳಿಸಿ ಜೀವಲೋಕವನ್ನು ಕೆಡವಿತು ಎಂದರು ಅವರು. ಅದೇ ಹೊತ್ತಿಗೆ ಅಮೆರಿಕದ ಡ್ಯೂಯಿ ಮೆಕ್ಲೀನ್, ಇಂಗಾಲದ ಕಾವಿನಿಂದ ಅಳಿವಾಯಿತೆಂದೂ ಆ ಇಂಗಾಲ ದಖ್ಖನದ್ದೆಂದೂ ವಾದಿಸುತ್ತಿದ್ದರು. 1986ರಲ್ಲಿ ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೊ ತಂಡ, ದಖ್ಖನದ ಲಾವಾ ಕೋಟಿಗಟ್ಟಲೆ ವರ್ಷ ನಿಧಾನವಾಗಿ ಸುರಿದದ್ದಲ್ಲ, ಅಳಿವಿನ ಕಾಲದಲ್ಲೇ ಅಲ್ಪಾವಧಿಯಲ್ಲಿ ಉಕ್ಕಿದ್ದು ಎಂದು ತೋರಿಸಿದಾಗ ಆ ವಾದಕ್ಕೆ ಬಲ ಬಂತು. 1991ರಲ್ಲಿ ಮೆಕ್ಸಿಕೋದ ಯುಕಟಾನ್‌ನಲ್ಲಿ ಹೂತುಹೋಗಿದ್ದ ಚಿಕ್‌ಶುಲೂಬ್ ಕುಳಿಯೇ ಅಪ್ಪಳಿಕೆಯ ಗುರುತೆಂದು ಗೊತ್ತಾಗಿ ತಕ್ಕಡಿ ಅಪ್ಪಳಿಕೆಯ ಕಡೆಗೆ ವಾಲಿತು. 2010ರಲ್ಲಿ 41 ವಿಜ್ಞಾನಿಗಳು ಒಟ್ಟಾಗಿ ಅಪ್ಪಳಿಕೆಯೇ ಕಾರಣವೆಂದು ಬರೆದರು; ಗೆರ್ಟಾ ಕೆಲ್ಲರ್ ಮುಂತಾದವರು ಒಪ್ಪಲಿಲ್ಲ. ಎರಡೂ ಘಟನೆಗಳು ನಡೆದದ್ದು ನಿಜವಾದ ಮೇಲೆ ಉಳಿದ ಪ್ರಶ್ನೆ ಒಂದೇ: ಯಾವುದು ಯಾವಾಗ, ಎಷ್ಟು? ಇದಕ್ಕೆ ಉತ್ತರ ಹೇಳಲು ದಖ್ಖನದ ಅನಿಲವನ್ನೂ ಅದರ ಪರಿಣಾಮವನ್ನೂ ವರ್ಷಾನುಕ್ರಮವಾಗಿ ಬರೆದಿಟ್ಟುಕೊಂಡ ಕೀರ್ದಿ ಪುಸ್ತಕವೊಂದು ಬೇಕಿತ್ತು. ಅಂಥ ಪುಸ್ತಕ ಕಡಲ ತಳದಲ್ಲಿತ್ತು.

ಅದನ್ನು ಓದುವ ಲಿಪಿಯನ್ನು ಕಲಿಸಿದವರು ಹೆರಾಲ್ಡ್ ಯೂರಿ. ಒಂದೇ ಮೂಲಧಾತುವಿನ ಪರಮಾಣುಗಳಲ್ಲಿಯೂ ತೂಕದ ಭೇದವಿರುತ್ತದೆ. ಆಕ್ಸಿಜನ್ನಿನಲ್ಲಿ 16ರ ತೂಕದ್ದು ಹೇರಳ, 18ರ ತೂಕದ್ದು ಐನೂರಕ್ಕೊಂದು. ಇಂಥ ಒಡಹುಟ್ಟುಗಳಿಗೆ ಐಸೊಟೋಪ್ ಎಂದು ಹೆಸರು. ಕನ್ನಡದಲ್ಲಿ ಸಮಸ್ಥಾನಿ ಎನ್ನುವುದುಂಟು. ಕಡಲ ಜೀವಿ ಸುಣ್ಣದ ಚಿಪ್ಪು ಕಟ್ಟುವಾಗ ನೀರು ತಣ್ಣಗಿದ್ದಷ್ಟೂ ಭಾರದ ಆಕ್ಸಿಜನ್ ಹೆಚ್ಚು ಸೇರುತ್ತದೆ ಎಂದು ಯೂರಿ 1947ರಲ್ಲಿ ಲೆಕ್ಕ ಕಟ್ಟಿ ತೋರಿಸಿದರು. ಅಂದರೆ ಒಂದೊಂದು ಚಿಪ್ಪೂ ತಾನು ಹುಟ್ಟಿದ ನೀರಿನ ಬಿಸಿಯನ್ನು ಬರೆದಿಟ್ಟ ಥರ್ಮಾಮೀಟರು. ಚೆಸಾರೆ ಎಮಿಲಿಯಾನಿ 1955ರಲ್ಲಿ ಇದನ್ನು ಫೊರಾಮಿನಿಫೆರಾ ಎಂಬ, ಮರಳಿನ ಕಾಳಿನಷ್ಟು ಸಣ್ಣ ಕಡಲಜೀವಿಗಳ ಚಿಪ್ಪಿಗೆ ಅನ್ವಯಿಸಿದರು. ಅದರಲ್ಲಿ ಬರಿಯ ಬಿಸಿಯಲ್ಲ, ಧ್ರುವಗಳಲ್ಲಿ ಕೂಡಿಟ್ಟ ಹಿಮದ ಪ್ರಮಾಣವೂ ಬೆರೆತಿದೆ ಎಂದು 1967ರಲ್ಲಿ ನಿಕೋಲಸ್ ಶಾಕಲ್ಟನ್ ತಿದ್ದಿದರು. 1968ರಿಂದ ಗ್ಲೋಮರ್ ಚಾಲೆಂಜರ್ ಹಡಗು ಸಾಗರಗಳ ತಳಕ್ಕೆ ಕೊಳವೆ ಇಳಿಸಿ ಕೆಸರಿನ ಕಂಬಗಳನ್ನು ಎತ್ತತೊಡಗಿದ ಮೇಲೆ ಓದುವುದಕ್ಕೆ ಪುಟಗಳ ಕೊರತೆ ಉಳಿಯಲಿಲ್ಲ. ಕೆಸರಿನಲ್ಲಿ ಅಳಿವನ್ನು ಗುರುತಿಸುವ ಗೆರೆಗೆ ತುಸು ಕೆಳಗಿನ, ಅಂದರೆ ತುಸು ಹಿಂದಿನ ಚಿಪ್ಪುಗಳಲ್ಲಿ ಭಾರದ ಆಕ್ಸಿಜನ್ ಕುಗ್ಗಿರುವುದು ಹಲವು ಕಡೆ ಕಂಡಿತು. ಅಳಿವಿಗೆ ಎರಡು-ಮೂರು ಲಕ್ಷ ವರ್ಷ ಮುಂಚೆ ಕಡಲು ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಾವೇರಿ, ಆಮೇಲೆ ಮತ್ತೆ ತಣಿದಿತ್ತು.

ಕಾವೇರಿದ್ದು ಸರಿ, ಅದಕ್ಕೆ ದಖ್ಖನವೇ ಕಾರಣವೆಂದು ಹೇಳುವುದು ಹೇಗೆ? ಥರ್ಮಾಮೀಟರು ಜ್ವರ ಹೇಳುತ್ತದೆ, ರೋಗ ಹೇಳುವುದಿಲ್ಲ. ಇಲ್ಲಿ ನೆರವಿಗೆ ಬಂದದ್ದು ಆಸ್ಮಿಯಂ. ರೀನಿಯಂ-187 ಎಂಬ ವಿಕಿರಣಶೀಲ ಧಾತು ನಿಧಾನವಾಗಿ ಆಸ್ಮಿಯಂ-187 ಆಗಿ ಮಾರ್ಪಡುತ್ತದೆ. ಅದರ ಅರ್ಧ ಸವೆಯಲು ಸುಮಾರು 4,200 ಕೋಟಿ ವರ್ಷ ಬೇಕು. ಹಳೆಯ ಖಂಡಗಳ ಶಿಲೆಯಲ್ಲಿ ರೀನಿಯಂ ಹೆಚ್ಚು, ಆದ್ದರಿಂದ ಅಲ್ಲಿಂದ ಬರುವ ನದಿನೀರಿನಲ್ಲಿ ಆಸ್ಮಿಯಂ-187ರ ಪಾಲು ದೊಡ್ಡದು. ಭೂಮಿಯ ಆಳದ ಹೊದಿಕೆಯಿಂದ ಬಂದ ಲಾವಾದಲ್ಲಿ ಮತ್ತು ಉಲ್ಕೆಯಲ್ಲಿ ಅದು ತೀರ ಕಡಿಮೆ. ಆಸ್ಮಿಯಂ ಸಮುದ್ರದಲ್ಲಿ ಕೆಲವು ಹತ್ತು ಸಾವಿರ ವರ್ಷವಷ್ಟೇ ಇದ್ದು ತಳ ಸೇರುತ್ತದೆ. ಸಾಗರಗಳ ನೀರು ಒಂದರೊಳಗೊಂದು ಬೆರೆಯಲು ಅಷ್ಟು ಅವಧಿ ಧಾರಾಳ. ಹೀಗಾಗಿ ಜಗತ್ತಿನ ಎಲ್ಲಿಯ ಕೆಸರನ್ನು ಅಳೆದರೂ ಆ ಕಾಲದ ಇಡೀ ಸಮುದ್ರದ ಲೆಕ್ಕ ಸಿಗುತ್ತದೆ, ಅದೂ ತಡಮಾಡದೆ. 2003ರಲ್ಲಿ ಗ್ರೆಗ್ ರವಿಝಾ ಮತ್ತು ಬರ್ನ್‌ಹಾರ್ಡ್ ಪ್ಯೂಕರ್-ಎರೆನ್‌ಬ್ರಿಂಕ್ ಬೇರೆ ಬೇರೆ ಸಾಗರಗಳ ಕೆಸರನ್ನು ಹೀಗೆ ಅಳೆದಾಗ, ಆಸ್ಮಿಯಂ-187 ಮತ್ತು 188ರ ಅನುಪಾತ ಸುಮಾರು 0.6ರಿಂದ 0.4ಕ್ಕೆ ಎಲ್ಲೆಡೆಯೂ ಇಳಿದಿತ್ತು. ಆ ಇಳಿತ ಅಳಿವಿನ ಗೆರೆಗೆ ಲಕ್ಷಗಟ್ಟಲೆ ವರ್ಷ ಮುಂಚಿನದು, ಕಡಲು ಕಾವೇರಿದ ಹೊತ್ತಿನದು. ಗೆರೆಯ ಮೇಲೆ ಮಾತ್ರ ಇನ್ನೊಂದು ಇಳಿತ, ಕಡಿದಾದ ಪ್ರಪಾತದಂತೆ, ಅದು ಆಕಾಶಕಾಯದ್ದು. ದಖ್ಖನದ ಸಹಿ ಒಂದು ಕಡೆ, ಉಲ್ಕೆಯ ಸಹಿ ಇನ್ನೊಂದು ಕಡೆ, ಒಂದೇ ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿ ಬಿದ್ದಿದ್ದವು.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ, ಅವನ್ನು ತೂಗಿ ನೋಡಲೇಬೇಕು. ಉಲ್ಕೆಯ ಆಸ್ಮಿಯಂ ಕೆಸರಿನೊಳಗೆ ಕೆಳಕ್ಕೆ ಜಿನುಗಿ ಹಿಂದಿನ ಕಾಲದ್ದೆಂಬ ಭ್ರಮೆ ಹುಟ್ಟಿಸಿರಬಹುದಲ್ಲ ಎನ್ನಬಹುದು. ಕೆಸರು ನಿಧಾನವಾಗಿ ಶೇಖರವಾದ ಜಾಗಗಳಲ್ಲಿ ಸ್ವಲ್ಪ ಜಿನುಗಿರುವುದೂ ಉಂಟು. ಆದರೆ ಕೆಸರಿನ ದಪ್ಪ, ಸ್ವಭಾವ ಬೇರೆ ಬೇರೆಯಾಗಿರುವ ಸಾಗರಗಳಲ್ಲೆಲ್ಲ ಜಿನುಗು ಒಂದೇ ಕಾಲದ ಗೆರೆಯಲ್ಲಿ ಬಂದು ನಿಲ್ಲುವುದು ಸಾಧ್ಯವಿಲ್ಲ. ಲಾವಾದ ಪಾಲು ಹೆಚ್ಚಿದ್ದರಿಂದಲ್ಲ, ಖಂಡಗಳಿಂದ ಬರುವ ಪಾಲು ತಗ್ಗಿದ್ದರಿಂದ ಅನುಪಾತ ಇಳಿದಿರಬಹುದು ಎಂಬುದು ಎರಡನೆಯ ಆಕ್ಷೇಪ. ಕಾವು ಏರಿದಾಗ ಮಳೆ ಹೆಚ್ಚಿ ಖಂಡಗಳ ಶಿಲೆ ಇನ್ನಷ್ಟು ಕರಗಬೇಕು, ಆಗ ಅನುಪಾತ ಮೇಲೇರಬೇಕು. ಕಾವು ಏರುತ್ತಿರುವಾಗಲೇ ಅನುಪಾತ ಇಳಿದಿದೆ ಎಂದರೆ ಹೊಸ ಲಾವಾದ ಕೈವಾಡವನ್ನು ಒಪ್ಪದೆ ಗತಿಯಿಲ್ಲ. ಇನ್ನು ಆಕ್ಸಿಜನ್ ಥರ್ಮಾಮೀಟರಿನ ವಿಷಯ. ಚಿಪ್ಪು ಹೂತುಹೋದ ಮೇಲೆ ಅದರ ಸುಣ್ಣ ಮತ್ತೆ ಹರಳುಗಟ್ಟಿದರೆ ಲೆಕ್ಕ ಕೆಡುತ್ತದೆ. ಧ್ರುವಹಿಮದ ಪ್ರಮಾಣ ಬದಲಾದರೂ ಕೆಡುತ್ತದೆ. ಆ ಯುಗದ ಭೂಮಿಯಲ್ಲಿ ಹಿಮದ ದೊಡ್ಡ ಗುಡ್ಡೆಗಳು ಇರಲಿಲ್ಲವಾದ್ದರಿಂದ ಎರಡನೆಯ ಭಯ ಚಿಕ್ಕದು. ಮೊದಲನೆಯದು ನಿಜವಾದ ಭಯ. ಅದಕ್ಕಾಗಿಯೇ ಸಂಶೋಧಕರು ಯಾವುದೋ ಒಂದು ಕಡಲಿನ ಒಂದು ಅಂಕಿಗೆ ಜೋತುಬೀಳದೆ, ಹಲವು ಕಡೆಯ ದಾಖಲೆಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆಯೇ ಎಂದು ನೋಡುತ್ತಾರೆ. ಡಿಗ್ರಿ ಎರಡೋ ನಾಲ್ಕೋ ಎಂಬ ಅನುಮಾನ ಉಳಿಯಬಹುದು. ಕಾವೇರಿತು, ಮತ್ತೆ ಇಳಿಯಿತು, ಅಳಿವು ಬಂದದ್ದು ಆಮೇಲೆ ಎಂಬ ಅನುಕ್ರಮ ಅಲುಗುವುದಿಲ್ಲ.

ಕಲ್ಲಿನ ಕಡೆಯಿಂದಲೂ ಕಾಲಗಣನೆ ಸೂಕ್ಷ್ಮವಾಗುತ್ತ ಬಂತು. 2019ರ ಫೆಬ್ರುವರಿಯಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಎರಡು ಲೆಕ್ಕ ಮುಂದಿಟ್ಟವು. ಪ್ರಿನ್ಸ್‌ಟನ್ನಿನ ಬ್ಲೇರ್ ಶೋನ್ ತಂಡ ಲಾವಾ ಹಾಸುಗಳ ನಡುವಿನ ಆ ಕೆಂಪು ಪಟ್ಟಿಗಳಲ್ಲಿಯೇ ಸಿಕ್ಕಿದ ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ-ಸೀಸದ ಐಸೊಟೋಪುಗಳಿಂದ, ಲಾವಾ ನಾಲ್ಕು ಆವೇಗಗಳಲ್ಲಿ ಬಂತು, ಅದರಲ್ಲೊಂದು ಅಳಿವಿಗೆ ಕೆಲವು ಹತ್ತು ಸಾವಿರ ವರ್ಷ ಮುಂಚೆ ಶುರುವಾಯಿತು ಎಂದಿತು. ಬರ್ಕ್ಲಿಯ ಕೋರ್ಟ್ನಿ ಸ್ಪ್ರೇನ್ ಮತ್ತು ಪಾಲ್ ರೆನ್ನೆಯವರ ತಂಡ ಆರ್ಗಾನಿನ ಐಸೊಟೋಪುಗಳಿಂದ ಕಲ್ಲನ್ನೇ ಅಳೆದು, ಲಾವಾದ ಮುಕ್ಕಾಲು ಪಾಲು ಬಂದದ್ದು ಅಳಿವಿನ ನಂತರ ಎಂದಿತು. ಆವೇಗಗಳೋ ನಿರಂತರ ಹರಿವೋ, ಮುಂಚೆ ಎಷ್ಟು, ಆಮೇಲೆ ಎಷ್ಟು ಎಂಬ ಜಗಳ ತೀರಿಲ್ಲ. ಆದರೆ ನಮ್ಮ ಸೀಮೆಯ ಮಟ್ಟಿಗೆ ಒಂದು ಮಾತು ಎರಡೂ ಪಕ್ಷಗಳಿಗೆ ಒಪ್ಪಿತ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ. ಅಳಿವು ನಡೆದದ್ದು ಧ್ರುವಗಳು ಈಗಿನದಕ್ಕೆ ತಿರುವುಮುರುವಾಗಿದ್ದ ಅವಧಿಯಲ್ಲಿ. ಪನ್ಹಾಳ, ದೇಸೂರು ಹೆಸರಿನ ಕೊನೆಯ ಪದರುಗಳು ಹೆಪ್ಪುಗಟ್ಟಿದ್ದು ಧ್ರುವಗಳು ಮತ್ತೆ ಈಗಿನಂತೆ ಮರಳಿದ ಮೇಲೆ, ಅಳಿವಾಗಿ ಲಕ್ಷಗಟ್ಟಲೆ ವರ್ಷಗಳ ನಂತರ. ಬೆಳಗಾವಿ ಸುತ್ತಿನ ಈ ಮೇಲ್ಪದರುಗಳು ಉಕ್ಕುವ ಹೊತ್ತಿಗೆ ಡೈನೋಸಾರ್‌ಗಳ ಕತೆ ಮುಗಿದಿತ್ತು. ದಖ್ಖನದ ಉಳಿದ ಕಲ್ಲಿನ ಮೇಲೆ ಆರೋಪ ಹೊರಿಸಬಹುದಾದರೂ, ಈ ಕೊನೆಯ ಪದರುಗಳು ಘಟನೆಯ ಜಾಗದಲ್ಲೇ ಇರಲಿಲ್ಲ.

ಇಲ್ಲಿ ಜಾಣ ಓದುಗನೊಬ್ಬ ಕೇಳಬಹುದು: ಬಹುಪಾಲು ಲಾವಾ ಅಳಿವಿನ ನಂತರ ಬಂದಿದ್ದರೆ, ಆಗ ಕಡಲು ಇನ್ನೂ ಹೆಚ್ಚು ಕಾವೇರಬೇಕಿತ್ತಲ್ಲ? ಕೀರ್ದಿಯಲ್ಲಿ ಅಂಥ ದೊಡ್ಡ ಏರಿಕೆ ಏಕಿಲ್ಲ? ಇಡೀ ಮೊಕದ್ದಮೆಯ ತಿರುವು ಈ ಪ್ರಶ್ನೆಯಲ್ಲಿದೆ. 2020ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪಿಂಚೆಲ್ಲಿ ಹಲ್ ಮತ್ತು ಸಂಗಡಿಗರು ಹಲವು ಕಡಲುಗಳ ಉಷ್ಣತೆಯ ದಾಖಲೆಗಳನ್ನು ಒಟ್ಟುಗೂಡಿಸಿ, ಇಂಗಾಲದ ಹರಿದಾಟದ ಗಣಿತಕ್ಕೆ ಒರೆಹಚ್ಚಿದರು. ಅನಿಲದ ದೊಡ್ಡ ಪಾಲು ಅಳಿವಿಗೆ ಬಹಳ ಮುಂಚೆಯೇ ಹೊರಬಂದು ಮುಗಿದಿತ್ತು ಎಂಬುದು ಅವರು ಕಂಡುಕೊಂಡ ಉತ್ತರ. ಅನಿಲ ಮತ್ತು ಲಾವಾ ಒಂದೇ ಪ್ರಮಾಣದಲ್ಲಿ ಒಟ್ಟೊಟ್ಟಿಗೆ ಬರಬೇಕೆಂದಿಲ್ಲ. ಕುದಿಯುವ ಪಾತ್ರೆಯಲ್ಲಿ ಆವಿ ಮೊದಲು ಮುಚ್ಚಳ ಎತ್ತುತ್ತದೆ, ಅನ್ನ ಉಕ್ಕುವುದು ಆಮೇಲೆ. ಇನ್ನೊಂದು ಉತ್ತರ ಇನ್ನೂ ಸ್ವಾರಸ್ಯದ್ದು. ಅಪ್ಪಳಿಕೆಯ ನಂತರ ಕಡಲಿನ ಮೇಲ್ಮೈಯ ಚಿಪ್ಪುಜೀವಿಗಳು ಗುಂಪುಗುಂಪಾಗಿ ಸತ್ತು, ಇಂಗಾಲವನ್ನು ಸಾಗಿಸುವ ಅವುಗಳ ನಿತ್ಯದ ಕೆಲಸ ನಿಂತುಹೋಯಿತು. ಹಾಗೆ ಬದಲಾದ ಕಡಲು ಗಾಳಿಯಿಂದ ಹೆಚ್ಚು ಇಂಗಾಲ ಹೀರಿಕೊಂಡು, ಆಮೇಲೆ ಬಂದ ಲಾವಾದ ಕಾವನ್ನು ತಗ್ಗಿಸಿರಬಹುದು. ಕೊಂದದ್ದು ಆಕಾಶ, ಸತ್ತ ಕಡಲು ಉಳಿದವರಿಗೆ ನೆರಳಾಯಿತು. ಎಲ್ಲರೂ ಇದನ್ನು ಕೊನೆಯ ತೀರ್ಪೆಂದು ಒಪ್ಪಿಲ್ಲ. ದಖ್ಖನದ ಅನಿಲ ಜೀವಲೋಕವನ್ನು ಮೊದಲೇ ಬಳಲಿಸಿತ್ತು, ಕೊನೆಯ ಪೆಟ್ಟು ಮಾತ್ರ ಹೊರಗಿನದು ಎನ್ನುವವರಿದ್ದಾರೆ. ಆದರೆ ಬಳಲಿಕೆಯ ಅತಿ ಜೋರಿನ ಕಾಲದಲ್ಲಿ ದೊಡ್ಡ ಅಳಿವಾಗದೆ, ಕಾವು ಇಳಿದು ಚೇತರಿಸಿಕೊಂಡ ಮೇಲೆ ಅಳಿವಾಯಿತು ಎಂಬುದು ಆ ವಾದಕ್ಕೆ ಎದುರು ನಿಲ್ಲುತ್ತದೆ. ಕೊಲೆಯ ಆರೋಪದಿಂದ ಕರಿಕಲ್ಲು ಬಹುಮಟ್ಟಿಗೆ ಖುಲಾಸೆಯಾಗಿದೆ ಎಂದೇ ನನ್ನ ಎಣಿಕೆ.

ಖುಲಾಸೆಯಾದ ಮೇಲೂ ಕಲ್ಲಿನ ಕತೆ ಮುಗಿಯುವುದಿಲ್ಲ. ಅದರ ದೊಡ್ಡ ಅಧ್ಯಾಯ ಶುರುವಾಗುವುದೇ ಬೆಂಕಿ ಆರಿದ ಮೇಲೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಕರಿಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸುತ್ತದೆ. ಗಾಳಿಯಲ್ಲಿದ್ದ ಇಂಗಾಲ ಬೈಕಾರ್ಬೊನೇಟ್ ಆಗಿ ಹೊಳೆ ಸೇರಿ ಕಡಲಿಗೆ ಹೋಗುತ್ತದೆ. ಅಲ್ಲಿ ಚಿಪ್ಪುಜೀವಿಗಳು ಅದನ್ನು ಸುಣ್ಣವಾಗಿಸಿ ತಳಕ್ಕೆ ಇಳಿಸುತ್ತವೆ. ಸುಣ್ಣವಾಗುವಾಗ ಅರ್ಧ ಪಾಲು ಗಾಳಿಗೆ ಮರಳುತ್ತದೆ, ಉಳಿದರ್ಧ ಕೋಟಿ ವರ್ಷಗಳ ಲೆಕ್ಕದಲ್ಲಿ ಠೇವಣಿ. ಗ್ರಾನೈಟಿಗಿಂತ ಕರಿಕಲ್ಲು ಬೇಗ ಕರಗುತ್ತದೆ. ಜಗತ್ತಿನ ನೆಲದಲ್ಲಿ ಸಣ್ಣ ಪಾಲಷ್ಟೇ ಇರುವ ಕರಿಕಲ್ಲು, ಸಿಲಿಕೇಟ್ ಶಿಲೆಗಳೆಲ್ಲ ಕರಗುತ್ತ ಹೀರುವ ಇಂಗಾಲದಲ್ಲಿ ಶೇ. 30ರಷ್ಟನ್ನು ತಾನೇ ಹೀರುತ್ತದೆಂಬ ಅಂದಾಜಿದೆ. ಫ್ರಾನ್ಸಿನ ಸೆಲೀನ್ ಡೆಸರ್ ತಂಡ 2001ರಲ್ಲಿ ನರ್ಮದಾ, ತಾಪಿ ಹೊಳೆಗಳ ನೀರನ್ನು ಅಳೆದು ಈ ಸಾಲ-ತೀರುವಳಿಯ ಲೆಕ್ಕ ಕಟ್ಟಿತು. ದಖ್ಖನದ ಉಕ್ಕುವಿಕೆ ಜಗತ್ತನ್ನು ಸುಮಾರು 4 ಡಿಗ್ರಿ ಕಾವೇರಿಸಿ, ಆಮೇಲೆ ಅದೇ ಕಲ್ಲು ಕರಗುತ್ತ ಇಂಗಾಲವನ್ನು ಮೊದಲಿದ್ದುದಕ್ಕಿಂತಲೂ ಕೆಳಕ್ಕೆ ಇಳಿಸಿ, ಕೊನೆಗೆ ಸುಮಾರು ಅರ್ಧ ಡಿಗ್ರಿ ಹೆಚ್ಚೇ ತಣಿಸಿತು ಎಂಬುದು ಅವರ ಗಣಿತದ ಸಾರ. ಕೈಗಡ ತಂದವನು ಅಸಲು ತೀರಿಸಿ ಬಡ್ಡಿಯನ್ನೂ ಸೇರಿಸಿ ಕೊಟ್ಟಂತೆ.

ಕೃಷ್ಣೆಯ ಲೆಕ್ಕವನ್ನು ಕಟ್ಟಿದವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಅನಿರ್ಬಾನ್ ದಾಸ್, ಎಸ್. ಕೃಷ್ಣಸ್ವಾಮಿ ಮತ್ತು ಸಂಗಡಿಗರು. ಕೃಷ್ಣಾ ಜಲಾನಯನ ಹಾಗೂ ಪಶ್ಚಿಮಘಟ್ಟದ ಹೊಳೆಗಳ ನೀರನ್ನು ಅಳೆದು ಅವರು 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಇಲ್ಲಿಯ ಕರಿಕಲ್ಲು ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 15-16 ಟನ್ ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ನರ್ಮದಾ-ತಾಪಿಯ ಅಂದಾಜಿಗಿಂತ ಇದು ಸಾಕಷ್ಟು ಕಡಿಮೆ. ಹೊಳೆಯ ನೀರಿನಲ್ಲಿ ಗೊಬ್ಬರದ ಉಪ್ಪಿದೆ, ಊರಿನ ಕೊಳೆ ಇದೆ, ಮಳೆ ತಂದ ಕಡಲುಪ್ಪಿದೆ, ಎರೆಮಣ್ಣಿನ ಸುಣ್ಣದ ಹರಳಿದೆ. ಇವುಗಳ ನಡುವೆ ಕಲ್ಲಿನ ಪಾಲನ್ನು ಹೇಗೆ ಬೇರ್ಪಡಿಸುತ್ತೀರಿ ಎಂದು ಕೇಳಬಹುದು. ಇಲ್ಲಿಯೂ ಉತ್ತರ ಕೊಡುವುದು ಐಸೊಟೋಪುಗಳೇ. ಸ್ಟ್ರಾನ್ಷಿಯಂ-87 ಮತ್ತು 86ರ ಅನುಪಾತ ಶುದ್ಧ ಕರಿಕಲ್ಲಿನಲ್ಲಿ 0.704ರ ಆಸುಪಾಸು, ಕಡಲ ನೀರಿನಲ್ಲಿ 0.709, ಘಟಪ್ರಭೆ, ಮಲಪ್ರಭೆ ಹಾದುಬರುವ ಹಳೆಯ ಶಿಲೆಗಳದ್ದು ಇನ್ನೂ ಬೇರೆ. ನೀರಿನ ಅನುಪಾತ ನೋಡಿದರೆ ಯಾವ ಕಲ್ಲಿನ ಎಂಜಲು ಎಷ್ಟು ಎಂದು ಅಂದಾಜಿಸಬಹುದು. ಇಂಗಾಲದ ಐಸೊಟೋಪುಗಳು ನೀರಿನಲ್ಲಿರುವ ಇಂಗಾಲ ಮಣ್ಣಿನ ಗಾಳಿಯದೋ ಹಳೆಯ ಸುಣ್ಣದ್ದೋ ಎಂದು ಹೇಳುತ್ತವೆ. ಲೆಕ್ಕ ಕಟ್ಟುನಿಟ್ಟಾದಷ್ಟೂ ಅಂಕಿ ಚಿಕ್ಕದಾಯಿತು. ಅಹಮದಾಬಾದಿನ ಅಂದಾಜಿನ ಮೇಲೆ ನಂಬಿಕೆ ಹುಟ್ಟಿಸುವುದೂ ಅದೇ ಕಟ್ಟುನಿಟ್ಟು.

ಈ ಕರಗುವಿಕೆ ಜಗತ್ತಿನ ಹವೆಯನ್ನೇ ತಿರುಗಿಸಿತೇ ಎಂಬುದು ಕೊನೆಯ ವಿವಾದ. ಸುಮಾರು 5 ಕೋಟಿ ವರ್ಷಗಳಿಂದ ಭೂಮಿ ತಣಿಯುತ್ತ ಬಂದಿದೆ ಎಂದು ಚಿಪ್ಪುಗಳ ಆಕ್ಸಿಜನ್ ಹೇಳುತ್ತದೆ, 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾ ಹಿಮ ಹೊದ್ದುಕೊಂಡಿತು. ಹಿಮಾಲಯ ಎದ್ದು ಅದರ ಕಲ್ಲು ಸವೆದು ಇಂಗಾಲ ಹೀರಿದ್ದರಿಂದ ಹೀಗಾಯಿತೆಂದು ಮೌರೀನ್ ರೇಮೊ ಮತ್ತು ವಿಲಿಯಂ ರಡಿಮನ್ 1992ರಲ್ಲಿ ವಾದಿಸಿದ್ದರು. ಡೆನಿಸ್ ಕೆಂಟ್ ಮತ್ತು ಜೊವಾನ್ನಿ ಮುಟ್ಟೋನಿ 2008ರಲ್ಲಿ ಬೇರೆ ದಾರಿ ತೋರಿಸಿದರು: ಉತ್ತರಕ್ಕೆ ಸಾಗಿದ ಭಾರತ ದಖ್ಖನದ ಕರಿಕಲ್ಲನ್ನು ಭೂಮಧ್ಯರೇಖೆಯ ಧಾರಾಕಾರ ಮಳೆಯ ಕೆಳಗೆ ತಂದು ನಿಲ್ಲಿಸಿತು, ಅಲ್ಲಿ ಕಲ್ಲು ಕರಗಿ ಜಗತ್ತು ತಣಿಯಿತು. ಹಿಮಾಲಯವೋ ದಖ್ಖನವೋ ಎಂದು ಒಂದನ್ನೇ ಆರಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಹಿಮಾಲಯ ದೊಡ್ಡದಾಗಿ ಏಳುವ ಮುಂಚೆಯೇ ತಣಿಯುವುದು ಶುರುವಾಗಿತ್ತು, ಆದ್ದರಿಂದ ಮೊದಲ ಹೆಜ್ಜೆಗೆ ದಖ್ಖನವನ್ನು ನೆನೆಯುವುದು ನ್ಯಾಯ. ಕಲ್ಲು ಅಷ್ಟು ಕರಗಿತ್ತೆಂಬುದಕ್ಕೆ ಪನ್ಹಾಳದ ನೆತ್ತಿಯ ಮೇಲಿನ ಜಂಬಿಟ್ಟಿಗೆಯೇ ಸಾಕ್ಷಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬಸಿದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿದ ಕಲ್ಲು ಅದು. ಬಯಲಿಗಿಳಿದರೆ ಮಳೆ ಕಡಿಮೆ, ಬಸಿಯುವುದೂ ಕಡಿಮೆ. ಅಲ್ಲಿ ಅದೇ ಕಲ್ಲು ಅರೆಬರೆ ಕರಗಿ, ಬೇಸಿಗೆಯಲ್ಲಿ ಬಾಯಿಬಿಡುವ, ಮಳೆಗೆ ಉಬ್ಬುವ ಎರೆಮಣ್ಣಾಯಿತು. ಕೃಷ್ಣಾ ತೀರದ ನೀರಾವರಿ ಹೊಲಗಳನ್ನು ಕಾಡುವ ಸವಳು-ಜವಳಿನ ಬೇರೂ ಇಲ್ಲಿಯೇ ಇದೆ. ಹೊಳೆ ಹೊತ್ತು ಕಡಲಿಗೆ ಮುಟ್ಟಿಸಬೇಕಾದ ಉಪ್ಪು, ಮಿತಿಮೀರಿ ನೀರುಣಿಸಿ ಬಸಿಗಾಲುವೆ ಮರೆತ ಹೊಲದಲ್ಲಿ ನಿಂತು ಆವಿಯಾಗಿ ಬೆಳ್ಳಗೆ ಮೇಲೇಳುತ್ತದೆ.

ಈಚೆಗೆ ಕರಿಕಲ್ಲನ್ನು ಪುಡಿಮಾಡಿ ಹೊಲಗಳಿಗೆ ಎರಚಿದರೆ ಗಾಳಿಯ ಇಂಗಾಲ ಬೇಗ ಹೀರಲ್ಪಡುತ್ತದೆಂಬ ಪ್ರಯೋಗಗಳು ಜಗತ್ತಿನ ಹಲವೆಡೆ ನಡೆಯುತ್ತಿವೆ. ಕಲ್ಲಿನ ಇತಿಹಾಸ ಓದಿದವರಿಗೆ ಈ ಯೋಚನೆಯ ಮೂಲ ಅರ್ಥವಾಗುತ್ತದೆ, ಅದರ ಮಿತಿಯೂ ಅರ್ಥವಾಗಬೇಕು. ಕಲ್ಲನ್ನು ಅರೆಯಲು, ಸಾಗಿಸಲು ಇಂಧನ ಬೇಕು. ಕರಗುವುದಕ್ಕೆ ಕಾಲ ಬೇಕು. ದಖ್ಖನದ ಕಲ್ಲು ತನ್ನ ಸಾಲ ತೀರಿಸಲು ತೆಗೆದುಕೊಂಡದ್ದು ಲಕ್ಷಗಟ್ಟಲೆ ವರ್ಷ, ಅದು ಸಾಲ ಮಾಡಿದ್ದೂ ಲಕ್ಷಗಟ್ಟಲೆ ವರ್ಷಗಳಲ್ಲಿ ಹರಡಿ. ಕೃಷ್ಣಾ ಸೀಮೆಯ ಅಂದಾಜನ್ನೇ ಇಡೀ 5 ಲಕ್ಷ ಚದರ ಕಿಲೋಮೀಟರಿಗೆ ಹಿಡಿದರೆ, ದಖ್ಖನದ ಕರಿಕಲ್ಲು ವರ್ಷವಿಡೀ ಕರಗಿ ಹೀರುವ ಇಂಗಾಲದ ಡೈಆಕ್ಸೈಡ್ 80 ಲಕ್ಷ ಟನ್ನಿನ ಆಸುಪಾಸು. ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಮನುಷ್ಯರು ವರ್ಷಕ್ಕೆ ಗಾಳಿಗೆ ಬಿಡುವುದು ಸುಮಾರು 3,700 ಕೋಟಿ ಟನ್. ಚಿಕ್ಕೋಡಿಯಿಂದ ಸಾತಪುಡಾದವರೆಗಿನ ಕರಿಕಲ್ಲು ಹನ್ನೆರಡು ತಿಂಗಳು ದುಡಿದು ಕೂಡಿಟ್ಟದ್ದನ್ನು ಜಗತ್ತು ಎರಡು ಗಂಟೆಯಲ್ಲಿ ಕಳೆಯುತ್ತದೆ; ಕಲ್ಲಿನ ಅಂದಾಜನ್ನು ಮೂರು ಪಟ್ಟು ಹಿಗ್ಗಿಸಿದರೂ ಆರು ಗಂಟೆ.